ಮಿಕ್ಕ ಕ್ಯಾಲೊರಿ ಲಾಭವೇ?

ತೂಕ ಇಳಿಸಲು ಹೊರಟವರ ಮೊಬೈಲಿನಲ್ಲಿ ಈಗ ಕ್ಯಾಲೊರಿ ಲೆಕ್ಕದ ಆ್ಯಪ್ ಇದ್ದೇ ಇರುತ್ತದೆ. ರಾತ್ರಿ ಮಲಗುವ ಮುಂಚೆ ನೋಡಿದಾಗ ಅಂದಿನ ಮಿತಿಯಲ್ಲಿ 300 ಕ್ಯಾಲೊರಿ ಮಿಕ್ಕಿದ್ದರೆ, ತಿಂಗಳ ಕೊನೆಗೆ ಸಂಬಳ ಉಳಿದಷ್ಟು ಖುಷಿ. ಆದರೆ ಆ ಮಿತಿ ಬಂದದ್ದಾದರೂ ಎಲ್ಲಿಂದ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ, ಹೆಚ್ಚು ಮೈದಣಿವಿಲ್ಲದ 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ 1,660 ಕ್ಯಾಲೊರಿ ಬೇಕು. ವಾಡಿಕೆಯಂತೆ ಅದರಲ್ಲಿ 500 ಕಳೆದರೆ 1,160. ಅಂದರೆ ತೂಕ ಇಳಿಯಲು ಬೇಕಾದ ಕಡಿತ ಆ ಅಂಕಿಯೊಳಗೇ ಸೇರಿದೆ. ಅದರಲ್ಲೂ 300 ಬಿಟ್ಟರೆ ಒಂದೇ ಊಟಕ್ಕೆ ಎರಡು ಸಲ ಕತ್ತರಿ ಬಿದ್ದಂತೆ, ಉಳಿಯುವುದು 860. ಮಿತಿಯನ್ನು ಸರಿಯಾಗಿ ಹಾಕಿಕೊಂಡಿದ್ದರೆ ಅದನ್ನು ಪೂರ್ತಿ ಉಣ್ಣುವುದೇ ಸರಿ ಎಂಬುದು ನನ್ನ ವಾದ.

ಅರೆಹೊಟ್ಟೆ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲೇ ಪರೀಕ್ಷಿಸಿದ್ದರು. ಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸಾಕ್ಷಿ ಒಪ್ಪದ 36 ಯುವಕರು ತಾವಾಗಿಯೇ ಮುಂದೆ ಬಂದರು. ದಿನಕ್ಕೆ ಸುಮಾರು 3,200 ಕ್ಯಾಲೊರಿ ಉಣ್ಣುತ್ತಿದ್ದವರಿಗೆ 24 ವಾರ ಸುಮಾರು 1,570 ಮಾತ್ರ ಕೊಟ್ಟರು. ದೇಹತೂಕದ ಕಾಲುಭಾಗ ಕರಗಿತು. ಜೊತೆಗೆ ಸದಾ ಚಳಿ, ಸುಸ್ತು, ಮಂಕು, ಹಗಲಿರುಳೂ ಊಟದ್ದೇ ಧ್ಯಾನ. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಗಮನಿಸಬೇಕಾದದ್ದು, ಆ 1,570 ಮೇಲೆ ಹೇಳಿದ ಹೆಂಗಸಿಗೆ ಹೆಚ್ಚುಕಮ್ಮಿ ಹೊಟ್ಟೆತುಂಬ ಊಟ. ಅಂಕಿಯಲ್ಲಿ ದೋಷವಿಲ್ಲ, ಅವರವರ ಅಗತ್ಯದಲ್ಲಿ ಎಷ್ಟು ಪಾಲು ಕಡಿಯುತ್ತೇವೆ ಎಂಬುದೇ ಮುಖ್ಯ. ಆಕೆ 860ಕ್ಕೆ ಇಳಿದರೆ ಆ ಯುವಕರಂತೆಯೇ ಅರ್ಧದಷ್ಟನ್ನು ಬಿಟ್ಟಂತಾಯಿತು. ಅಷ್ಟು ಕಡಿಮೆ ಊಟದಲ್ಲಿ ಪ್ರೋಟೀನ್ ಹೊಂದಿಸುವುದೂ ಕಷ್ಟ, ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕ ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು.

ಹಾಗಾದರೆ ಕಡಿಮೆ ಉಂಡು ಗೆದ್ದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳು ಮೂರರಿಂದ ಐದು ತಿಂಗಳು ದಿನಕ್ಕೆ 825ರಿಂದ 853 ಕ್ಯಾಲೊರಿಯಲ್ಲಿದ್ದರು. ವರ್ಷದ ಕೊನೆಗೆ ನೂರಕ್ಕೆ 46 ಜನರ ಮಧುಮೇಹ ಹಿಂದೆ ಸರಿದಿತ್ತು, ಔಷಧವಿಲ್ಲದೆ. ಆದರೆ ಅವರು ಸೇವಿಸಿದ್ದು ಪೋಷಕಾಂಶ ಅಳೆದು ಸೇರಿಸಿದ ಸಿದ್ಧ ಆಹಾರ, ಅದೂ ವೈದ್ಯಕೀಯ ತಂಡದ ನಿಗಾದಲ್ಲಿ. ಆ್ಯಪಿನಲ್ಲಿ 300 ಉಳಿಸುವವರು ಹೆಚ್ಚುಕಮ್ಮಿ ಅದೇ ಮಟ್ಟಕ್ಕೆ, ಯಾವ ನಿಗಾವೂ ಇಲ್ಲದೆ, ತಮಗೇ ತಿಳಿಯದಂತೆ ಇಳಿದಿರುತ್ತಾರೆ. ಇನ್ನೊಂದು ಆಕ್ಷೇಪ ನನ್ನ ವಾದಕ್ಕೆ ಹೆಚ್ಚು ಕಷ್ಟದ್ದು. 2014ರಲ್ಲಿ ಪ್ರಕಟವಾದ ಮೆಲ್ಬರ್ನ್ ಅಧ್ಯಯನದ ಪ್ರಕಾರ, ಬೇಗ ಇಳಿಸಿದವರೂ ನಿಧಾನವಾಗಿ ಇಳಿಸಿದವರೂ ಮೂರು ವರ್ಷದಲ್ಲಿ ಕಳೆದ ತೂಕದ ಸುಮಾರು ಶೇಕಡಾ 71ರಷ್ಟನ್ನು ಮರಳಿ ಪಡೆದರು. ಹಾಗಾಗಿ ನಿಧಾನವಾಗಿ ಇಳಿಸಿದ ತೂಕ ಮರಳುವುದಿಲ್ಲ ಎಂದು ನಾನು ಹೇಳಲಾರೆ. ಪೂರ್ತಿ ಉಣ್ಣಿ ಎನ್ನುವುದು ಪೋಷಣೆಗಾಗಿ, ದಿನದ ಕೆಲಸಕ್ಕೆ ಬೇಕಾದ ಚೈತನ್ಯಕ್ಕಾಗಿ.

ಮಿಕ್ಕ 300 ನಿಜವಾಗಿ ಮಿಕ್ಕಿದೆಯೇ ಎಂಬುದೂ ಅನುಮಾನ. ಎಷ್ಟು ಡಯಟ್ ಮಾಡಿದರೂ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿದಾಗ, ಅವರು ತಿಂದದ್ದರಲ್ಲಿ ಸರಾಸರಿ ಅರ್ಧದಷ್ಟು ಲೆಕ್ಕಕ್ಕೇ ಬಂದಿರಲಿಲ್ಲ. ಸುಳ್ಳು ಹೇಳಿದ್ದರೆಂದಲ್ಲ, ಅಳತೆ ತಪ್ಪಿತ್ತು. ನಮ್ಮ ಅಡುಗೆಯಲ್ಲಂತೂ ಒಗ್ಗರಣೆಯ ಎಣ್ಣೆ, ಪಲ್ಯಕ್ಕೆ ಉದುರಿಸಿದ ಕಾಯಿತುರಿ, ಮುದ್ದೆಯ ಮೇಲಿನ ತುಪ್ಪವನ್ನು ಯಾರು ಬರೆದಿಡುತ್ತಾರೆ? ಎಣ್ಣೆ ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ. ಅದಕ್ಕೇ ಸ್ವಲ್ಪ ಬಿಡುವುದು ಕ್ಷೇಮ ಎನ್ನಬಹುದು, ಆದರೆ ಎಷ್ಟು ತಪ್ಪಿದೆ ಎಂದು ಗೊತ್ತಿಲ್ಲದೆ ಎಷ್ಟು ಬಿಡುವುದು? ಚಮಚದಲ್ಲಿ ಅಳೆದು ಬರೆಯುವುದೇ ಮೇಲು. ಹಸಿವಿಲ್ಲದ ದಿನ ಬಲವಂತವಾಗಿ ತಿನ್ನಬೇಕಿಲ್ಲ, ವಾರದ ಸರಾಸರಿ ಹೊಂದಿದರೆ ಸಾಕು. ಹೀಗೆ ಅಳೆದು ಉಂಡ ಮೇಲೂ ತಿಂಗಳವರೆಗೆ ತೂಕ ಅಲ್ಲಾಡದಿದ್ದರೆ, ಮಿತಿಯನ್ನೇ ನೂರು ಕ್ಯಾಲೊರಿಯಷ್ಟು ತಗ್ಗಿಸಿ ಆ ಹೊಸ ಮಿತಿಯನ್ನೂ ಪೂರ್ತಿ ಉಣ್ಣಬಹುದು.