ನಂಬರ್ ಅದೇ ಇದ್ದರೂ ಸಿಮ್ ಯಾಕೆ ಹಿಡಿಯುವುದಿಲ್ಲ?

ಹಂಸಭಾವಿಯ ಓದುಗರೊಬ್ಬರ ಪತ್ರ ಬಂದಿದೆ. ತಂದೆಯವರ ಜಿಯೋಭಾರತ್ ಕೀಪ್ಯಾಡ್ ಮೊಬೈಲಿನ ನಂಬರನ್ನು ಬಿಎಸ್‌ಎನ್‌ಎಲ್‌ಗೆ ಪೋರ್ಟ್ ಮಾಡಿಸಿದ್ದಾರೆ. ಹೊಸ ಸಿಮ್ ಹಾಕಿದರೆ ಸೆಟ್ ಒಪ್ಪುತ್ತಿಲ್ಲ. ‘ನಂಬರ್ ಅದೇ, ಮೊಬೈಲೂ ಅದೇ. ಕಂಪನಿ ಬದಲಾದದ್ದು ಇದಕ್ಕೆ ಹೇಗೆ ಗೊತ್ತಾಯಿತು?’ ಎಂದು ಕೇಳಿದ್ದಾರೆ. ಎಂಥ ಒಳ್ಳೆಯ ಪ್ರಶ್ನೆ!

ನಿಮ್ಮ ಹತ್ತಂಕಿಯ ನಂಬರನ್ನು ಫೋನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಿಮ್‌ನಲ್ಲಿ ಅದನ್ನು ಬರೆದಿಟ್ಟಿದ್ದರೂ ಅದು ಬರೀ ಟಿಪ್ಪಣಿ. ಸಿಮ್‌ನ ನಿಜವಾದ ಗುರುತು ಐಎಂಎಸ್‌ಐ ಎಂಬ ಬೇರೆಯೇ ಸಂಖ್ಯೆ. ಸಾಮಾನ್ಯವಾಗಿ ಅದರಲ್ಲಿ 15 ಅಂಕಿಗಳಿರುತ್ತವೆ. ನಾವು ಅದನ್ನು ಯಾರಿಗೂ ಹೇಳುವುದಿಲ್ಲ, ನಮಗೇ ಅದು ಗೊತ್ತಿರುವುದಿಲ್ಲ. ಮೊದಲ ಮೂರು ಅಂಕಿ ದೇಶದ್ದು. ಭಾರತಕ್ಕೆ 404 ಮತ್ತು 405 ಬಳಕೆಯಲ್ಲಿವೆ. ಮುಂದಿನ ಎರಡು ಅಥವಾ ಮೂರು ಅಂಕಿ ಕಂಪನಿ ಮತ್ತು ಸರ್ಕಲ್‌ನವು. ಕರ್ನಾಟಕದ ಏರ್‌ಟೆಲ್ ಸಿಮ್‌ ಅಂದರೆ 404 45, ಬಿಎಸ್‌ಎನ್‌ಎಲ್ ಅಂದರೆ 404 71, ಜಿಯೋ ಅಂದರೆ 405 861. ರಸ್ತೆಯಲ್ಲಿ ಕೆಎ 27 ಕಂಡರೆ ಹಾವೇರಿ ಗಾಡಿ ಅನ್ನುತ್ತೇವಲ್ಲ, ಹಾಗೆಯೇ. ಒಳಗೆ ಕೂತವರು ಯಾರೆಂದು ತಿಳಿಯುವ ಅಗತ್ಯವೇ ಇಲ್ಲ.

ಸೆಟ್ಟನ್ನು ಒಂದೇ ಕಂಪನಿಯ ಸಿಮ್‌ಗೆ ಕಟ್ಟಿಹಾಕುವ ಬೀಗಕ್ಕೆ ನೆಟ್‌ವರ್ಕ್ ಲಾಕ್ ಎನ್ನುತ್ತಾರೆ. ಅದು ನೋಡುವುದು ಈ ಐದಾರು ಅಂಕಿಗಳನ್ನು ಮಾತ್ರ! ಫೋನು ಚಾಲೂ ಆಗುವಾಗ ಸಿಮ್‌ನಿಂದ ಇವನ್ನು ಓದಿಕೊಂಡು ತನ್ನೊಳಗಿನ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿದ್ದರೆ ಸೈ, ಇಲ್ಲದಿದ್ದರೆ ಟವರ್ ಎದುರಿಗೇ ಇದ್ದರೂ ಪ್ರಯೋಜನವಿಲ್ಲ. ಪೋರ್ಟ್ ಮಾಡಿದಾಗ ಹೊಸ ಕಂಪನಿ ತನ್ನದೇ ಐಎಂಎಸ್‌ಐ ಇರುವ ಹೊಸ ಸಿಮ್ ಕೊಡುತ್ತದೆ. ಹಳೆಯ ಹತ್ತಂಕಿಗೆ ಈ ಹೊಸ ಗುರುತನ್ನು ಜೋಡಿಸುವ ಕೆಲಸ ನಡೆಯುವುದು ಕಂಪನಿಗಳ ಕಂಪ್ಯೂಟರುಗಳಲ್ಲಿ. 2011ರ ಜನವರಿ 20ರಂದು ದೇಶದಾದ್ಯಂತ ಪೋರ್ಟಿಂಗ್ ಜಾರಿಗೆ ಬಂದಾಗಿನಿಂದ ಹೀಗೇ ನಡೆದಿದೆ. ನಂಬರ್ ನಿಮ್ಮ ಜೊತೆ ಬಂತು, ಆದರೆ ಸೆಟ್ ಹಳೆಯ ಕಂಪನಿಗೇ ಕಟ್ಟುಬಿದ್ದಿದೆ.

2017ರ ಜಿಯೋಫೋನ್ ಆಗಲಿ, 2023ರಲ್ಲಿ 999 ರೂಪಾಯಿಗೆ ಬಂದ ಜಿಯೋಭಾರತ್ ಆಗಲಿ, ಜಿಯೋ ಸಿಮ್‌ಗೆಂದೇ ಮಾಡಿದ ಸೆಟ್‌ಗಳು. ಬೆಲೆ ಅಷ್ಟು ಕಡಿಮೆ ಇರುವುದಕ್ಕೂ ಈ ಕಟ್ಟಿಗೂ ನಂಟಿದೆ. ನಮ್ಮಲ್ಲಿ ಬಿಡಿಯಾಗಿ ಕೊಳ್ಳುವ ಉಳಿದ ಬಹುತೇಕ ಫೋನ್‌ಗಳಿಗೆ ಈ ಲಾಕ್ ಇರುವುದಿಲ್ಲ. ಅಮೆರಿಕದಿಂದ ನೆಂಟರು ತಂದುಕೊಟ್ಟ ಫೋನಿಗೆ ಇರಬಹುದು. ಅಲ್ಲಿ ಕಂತು ತೀರುವವರೆಗೂ ಕಂಪನಿ ಬೀಗ ಹಾಕಿಡುವುದುಂಟು. ಗ್ರಾಹಕರು ಬೀಗ ತೆಗೆಸಿಕೊಳ್ಳುವುದಕ್ಕೆ ಅನುಕೂಲವಾಗಲೆಂದು ಅಲ್ಲಿ 2014ರಲ್ಲಿ ಕಾಯ್ದೆಯೇ ಬಂತು. ಬ್ರಿಟನ್ನಿನಲ್ಲಂತೂ 2021ರ ಡಿಸೆಂಬರ್‌ನಿಂದ ಕಂಪನಿಗಳು ಲಾಕ್ ಇರುವ ಫೋನ್ ಮಾರುವಂತೆಯೇ ಇಲ್ಲ. ಸರಿಯಾದ ಕ್ರಮ!

ಇನ್ನು ‘ಸಾಫ್ಟ್‌ವೇರ್ ಹೊಡೆಸಿದರೆ ಲಾಕ್ ಹೋಗುತ್ತದೆ’ ಎಂಬ ನಂಬಿಕೆ. ಫೋನನ್ನು ರೀಸೆಟ್ ಮಾಡಿದರೆ ಫೋಟೊ, ಮೆಸೇಜು ಅಳಿಯುತ್ತವೆ, ಲಾಕ್ ಹಾಗೆಯೇ ಉಳಿಯುತ್ತದೆ. ಅದರ ಜಾಗವೇ ಬೇರೆ. ಅನೇಕ ಸೆಟ್‌ಗಳಲ್ಲಿ ಅದನ್ನು ತೆಗೆಯುವ ಕೋಡ್ ಆ ಒಂದು ಸೆಟ್ಟಿಗೇ ಮೀಸಲು. ಅಂದಾಜಿನ ಮೇಲೆ ಒತ್ತುತ್ತ ಹೋದರೆ ಕೆಲವು ಸಲದ ನಂತರ ಫೋನು ಕೋಡ್ ಕೇಳುವುದನ್ನೇ ನಿಲ್ಲಿಸಿಬಿಡಬಹುದು.

ಇದಕ್ಕಿಂತ ಕೆಟ್ಟದ್ದು ‘ಐಎಂಇಐ ಬದಲಿಸಿ ಲಾಕ್ ಒಡೆದು ಕೊಡುತ್ತೇವೆ’ ಎನ್ನುವವರ ಮಾತು. *#06# ಒತ್ತಿದರೆ ಕಾಣುವ ಆ 15 ಅಂಕಿ ಸೆಟ್ಟಿನ ಗುರುತು, ಕಳುವಾದಾಗ ಅದನ್ನು ಬಂದ್ ಮಾಡಿಸುವ ದಾರಿ. ಅದನ್ನು ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ನೆಟ್‌ವರ್ಕ್ ಲಾಕ್ ತೆಗೆಯಲು ಐಎಂಇಐ ಮುಟ್ಟುವ ಅಗತ್ಯವೇ ಇಲ್ಲ. ಹಾಗೆ ಹೇಳುವವರ ಕೈಗೆ ಸೆಟ್ ಕೊಡಬೇಡಿ.

ಲಾಕ್ ಹೋದರೂ ಮತ್ತೊಂದು ತೊಡಕು ಇರಬಹುದು: ನಮ್ಮ ಟವರ್‌ಗಳ ತರಂಗಾಂತರಗಳು ಆ ಫೋನಿಗೆ ಹಿಡಿಯಬೇಕು. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ, ಹಾಗಾಗಿ ಬರೀ 3ಜಿ ಇರುವ ಹಳೆಯ ಸೆಟ್ಟಿನಲ್ಲಿ ಲಾಕ್ ಇಲ್ಲದಿದ್ದರೂ ಆ ಸಿಮ್ ನಡೆಯುವುದಿಲ್ಲ.

ಆದ್ದರಿಂದ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸುವ ಮೊದಲು, ನೀವು ಹೋಗಬೇಕೆಂದಿರುವ ಕಂಪನಿಯ ಸಿಮ್ಮನ್ನು ಮನೆಯವರಿಂದಲೋ ಗೆಳೆಯರಿಂದಲೋ ಪಡೆದು ನಿಮ್ಮ ಸೆಟ್ಟಿಗೆ ಹಾಕಿ, ಒಂದು ಕರೆ ಮಾಡಿ ನೋಡಿ.