ಇ.ಜಿ.ಆರ್. ಮುಚ್ಚಿಸುವುದು ಉಳಿತಾಯವೇ?

ವ್ಯಾಪಾರದ ಓಡಾಟಕ್ಕೆ ಡೀಸೆಲ್ ಕಾರನ್ನು ಅವಲಂಬಿಸಿರುವವರಿಗೆ ಗ್ಯಾರೇಜುಗಳಲ್ಲಿ ದೊರೆಯುವ ಸಲಹೆಯೊಂದಿದೆ. ಗಾಡಿ ಎಳೆಯುತ್ತಿಲ್ಲ, ಎಂಜಿನ್ನಿನ ಎಚ್ಚರಿಕೆ ದೀಪ ಆರುತ್ತಿಲ್ಲ ಎಂದು ದೂರಿದಾಗ, ಇ.ಜಿ.ಆರ್. ವಾಲ್ವ್ ಬದಲಿಸುವುದಕ್ಕಿಂತ ಅದನ್ನು ಶಾಶ್ವತವಾಗಿ ಮುಚ್ಚಿಸಿಬಿಡುವುದು ಲೇಸು ಎಂಬುದೇ ಆ ಸಲಹೆ. ಹೊಸ ವಾಲ್ವಿನ ಬೆಲೆಯ ಮುಂದೆ ಒಂದು ತುಂಡು ತಗಡಿನ ಬೆಲೆ ನಗಣ್ಯವೆಂಬುದು ನಿಜ. ಆದರೆ ವೆಚ್ಚವನ್ನು ಒಂದೇ ಬಿಲ್ಲಿನಿಂದ ಅಳೆಯುವುದು ವ್ಯವಹಾರ ಜ್ಞಾನವಲ್ಲ. ಈ ಮಾರ್ಪಾಡಿನ ಪೂರ್ಣ ಲೆಕ್ಕವನ್ನು ಪರಿಶೀಲಿಸುವುದು ಅಗತ್ಯ.

ವ್ಯವಸ್ಥೆಯ ಕಾರ್ಯ

ಎಂಜಿನ್ ಹೊರಬಿಡುವ ಅನಿಲದ ಒಂದು ಭಾಗವನ್ನು ಪುನಃ ಎಂಜಿನ್ನಿಗೇ ಕಳುಹಿಸುವ ಏರ್ಪಾಡೇ ಇ.ಜಿ.ಆರ್. ಗಾಳಿಯಲ್ಲಿ ಸುಮಾರು ಶೇ. 78ರಷ್ಟು ಸಾರಜನಕ, ಶೇ. 21ರಷ್ಟು ಆಮ್ಲಜನಕ ಇರುತ್ತವೆ. ದಹನದ ಉಷ್ಣತೆ ವಿಪರೀತ ಏರಿದಾಗ ಇವೆರಡೂ ಸಂಯೋಗಗೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಹಾನಿಕರ. ನೆಲಮಟ್ಟದ ಓಝೋನ್ ಉತ್ಪತ್ತಿಗೂ ಕಾರಣ. ಒಮ್ಮೆ ಉರಿದ ಅನಿಲದಲ್ಲಿ ಆಮ್ಲಜನಕ ಕಡಿಮೆ. ಅದು ಒಳಬರುವ ಗಾಳಿಯೊಡನೆ ಬೆರೆತಾಗ ದಹನದ ಉಷ್ಣತೆ ತಗ್ಗಿ, ಈ ಆಕ್ಸೈಡುಗಳ ಪ್ರಮಾಣವೂ ಇಳಿಯುತ್ತದೆ.

ಮಾಲೀಕರ ದೂರು ನಿರಾಧಾರವೇನಲ್ಲ. ಮರಳಿ ಬರುವ ಅನಿಲದೊಡನೆ ಮಸಿಯೂ ಬರುತ್ತದೆ. ಎಂಜಿನ್ ಆಯಿಲ್‌ನ ಆವಿಯೊಡನೆ ಸೇರಿ ಅದು ವಾಲ್ವಿನಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸಣ್ಣ ಸಣ್ಣ ದೂರದ ಓಡಾಟ, ಸಂಚಾರ ದಟ್ಟಣೆಯಲ್ಲಿ ಎಂಜಿನ್ ಚಾಲೂ ಇಟ್ಟು ನಿಲ್ಲುವುದು ಇದಕ್ಕೆ ಇಂಬು ಕೊಡುತ್ತವೆ. ವಾಲ್ವ್ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ ಕಪ್ಪು ಹೊಗೆ ಕಾಣಿಸುತ್ತದೆ, ಎಳೆತ ಕುಗ್ಗುತ್ತದೆ.

ಇಂತಹ ಕಾರಿನಲ್ಲಿ ವ್ಯವಸ್ಥೆಯನ್ನು ಮುಚ್ಚಿಸಿದೊಡನೆ ಎಂಜಿನ್ ಚುರುಕಾದಂತೆ ತೋರುವುದು ಸಹಜ. ಆದರೆ ಈ ಹೋಲಿಕೆ ಕೆಟ್ಟ ವಾಲ್ವಿಗೂ ಮುಚ್ಚಿದ ವಾಲ್ವಿಗೂ ನಡುವಿನದು. ವಾಲ್ವನ್ನು ಶುಚಿಗೊಳಿಸಿದ್ದರೂ ಅದೇ ಎಳೆತ ಮರಳುತ್ತಿತ್ತು ಎಂಬುದನ್ನು ಮರೆಯಲಾಗುತ್ತದೆ.

ಎಮಿಷನ್ ಟೆಸ್ಟ್ ರಕ್ಷಣೆಯಲ್ಲ

ಮುಚ್ಚಿಸಿದ ನಂತರವೂ ಎಮಿಷನ್ ಟೆಸ್ಟಿನಲ್ಲಿ ಗಾಡಿ ಪಾಸಾಗುತ್ತದೆ, ಆದ್ದರಿಂದ ಅಡ್ಡಿಯಿಲ್ಲ ಎಂಬ ವಾದ ಸಾಮಾನ್ಯ. ಡೀಸೆಲ್ ವಾಹನಗಳಿಗೆ ಈ ಪರೀಕ್ಷೆಯಲ್ಲಿ ಅಳೆಯುವುದು ಹೊಗೆಯ ಸಾಂದ್ರತೆಯನ್ನು, ಸಾರಜನಕದ ಆಕ್ಸೈಡುಗಳನ್ನಲ್ಲ. ಕಣ್ಣಿಗೆ ಕಾಣುವ ಹೊಗೆ ತಗ್ಗಿ, ಕಾಣದ ವಿಷ ಹೆಚ್ಚಿದರೂ ಪ್ರಮಾಣಪತ್ರ ದೊರೆಯಬಹುದು. ಆ ಪತ್ರ ಒಂದು ಅಳತೆಯ ಫಲಿತಾಂಶವೇ ಹೊರತು ಮಾರ್ಪಾಡಿಗೆ ನೀಡಿದ ಅನುಮತಿಯಲ್ಲ.

ಕಾನೂನಿನ ನಿಲುವು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು ಸೇರಿಸಿದ 182ಎ ಕಲಂ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ವಾಯುಮಾಲಿನ್ಯದ ಮಾನದಂಡ ಉಲ್ಲಂಘಿಸಿ ವಾಹನ ಓಡಿಸಿದರೆ 190(2)ನೇ ಕಲಂ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಅದರ ದಂಡ 10,000 ರೂಪಾಯಿಗಳವರೆಗೆ ಇದೆ.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ವಾಹನಗಳಲ್ಲಿ ಹೊರಸೂಸುವಿಕೆಯ ಭಾಗಗಳನ್ನು ಎಂಜಿನ್ನಿನ ಕಂಪ್ಯೂಟರ್ ಸದಾ ಗಮನಿಸುತ್ತದೆ. ತಗಡು ಕೂರಿಸಿದರಷ್ಟೇ ಸಾಲದು. ಕಂಪ್ಯೂಟರಿನ ತಂತ್ರಾಂಶವನ್ನೂ ತಿದ್ದಬೇಕು. ಅಂದರೆ ಉಲ್ಲಂಘನೆಗೆ ಲಿಖಿತ ಸಾಕ್ಷ್ಯವನ್ನು ಮಾಲೀಕರೇ ಗಾಡಿಯೊಳಗೆ ಇರಿಸಿಕೊಂಡಂತೆ.

ಖಾತೆಯ ದೃಷ್ಟಿ

ಅನೇಕರು ಗಮನಿಸದ ಅಂಶವೊಂದು ಇಲ್ಲಿದೆ. ಅಪರಾಧವಾಗುವ ಅಥವಾ ಕಾನೂನು ನಿಷೇಧಿಸಿದ ಉದ್ದೇಶಕ್ಕೆ ಮಾಡಿದ ವೆಚ್ಚವನ್ನು ವ್ಯಾಪಾರದ ವೆಚ್ಚವೆಂದು ಕಳೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿಗೆ 1998ರಲ್ಲಿ ಸೇರಿದ ವಿವರಣೆ ಇದನ್ನು ಸ್ಪಷ್ಟಪಡಿಸಿತು; 2025ರ ಹೊಸ ಕಾಯ್ದೆಯೂ ಈ ತತ್ತ್ವವನ್ನು ಉಳಿಸಿಕೊಂಡಿದೆ. ವಾಲ್ವಿನ ನ್ಯಾಯಬದ್ಧ ದುರಸ್ತಿ ವ್ಯಾಪಾರದ ವೆಚ್ಚವಾಗುತ್ತದೆ. ಅದನ್ನು ಮುಚ್ಚಿಸಿದ ವೆಚ್ಚಕ್ಕೆ ಆ ಸೌಲಭ್ಯವಿಲ್ಲ. ದಂಡದ ಹಣಕ್ಕೂ ಇದೇ ಗತಿ.

ಇದಲ್ಲದೆ, ವಾರಂಟಿ ಅವಧಿಯಲ್ಲಿ ಎಂಜಿನ್ ಕೆಟ್ಟರೆ ತಯಾರಕರು ಹೊಣೆ ನಿರಾಕರಿಸಲು ಕಾರಣ ಸಿದ್ಧವಿರುತ್ತದೆ. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ವೇಳೆ ವಿವಾದಕ್ಕೆ ಆಸ್ಪದ ನೀಡುತ್ತದೆ. ಮರುಮಾರಾಟದಲ್ಲಿ ತಿಳಿವಳಿಕೆಯುಳ್ಳ ಖರೀದಿದಾರರು ಬೆಲೆ ತಗ್ಗಿಸುತ್ತಾರೆ.

ಸರಿಯಾದ ದಾರಿ

ವಾಲ್ವನ್ನು ಬದಲಿಸುವ ಮೊದಲು ಅದನ್ನು ಬಿಚ್ಚಿ ಶುಚಿಗೊಳಿಸಲು ಸಾಧ್ಯವೇ ಎಂದು ವಿಚಾರಿಸಬೇಕು. ಅನೇಕ ಬಾರಿ ಅಷ್ಟೇ ಸಾಕಾಗುತ್ತದೆ. ಮಸಿ ಅತಿಯಾಗಲು ಇಂಜೆಕ್ಟರ್, ಏರ್ ಫಿಲ್ಟರ್ ಅಥವಾ ಟರ್ಬೋ ದೋಷ ಕಾರಣವೇ ಎಂಬುದನ್ನು ಪರೀಕ್ಷಿಸಬೇಕು. ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನೇ ಬಳಸಿ, ಸಕಾಲದಲ್ಲಿ ಬದಲಿಸಬೇಕು. ಪೇಟೆಯೊಳಗೇ ಓಡುವ ಕಾರನ್ನು ಆಗಾಗ್ಗೆ ಹೆದ್ದಾರಿಯಲ್ಲಿ ಓಡಿಸುವುದು ಒಳ್ಳೆಯದು. ಓಡಾಟವೆಲ್ಲ ಅಲ್ಪ ದೂರದ್ದೇ ಆಗಿದ್ದಲ್ಲಿ, ಮುಂದಿನ ಖರೀದಿಯ ವೇಳೆ ಡೀಸೆಲ್ ಕಾರು ಬೇಕೇ ಎಂಬುದನ್ನೇ ಮರುಪರಿಶೀಲಿಸುವುದು ಲಾಭದಾಯಕ.

ತಗಡು ಕೂರಿಸುವುದರಿಂದ ವೆಚ್ಚ ಇಲ್ಲವಾಗುವುದಿಲ್ಲ. ಗ್ಯಾರೇಜಿನ ಬಿಲ್ಲಿನಿಂದ ದಂಡ, ತೆರಿಗೆ ಹಾಗೂ ವಿಮೆಯ ಲೆಕ್ಕಕ್ಕೆ ವರ್ಗಾವಣೆಯಾಗುತ್ತದೆ. ಉಳಿದ ಭಾಗವನ್ನು ಅದೇ ರಸ್ತೆಯಲ್ಲಿ ಅಂಗಡಿ ತೆರೆದು ದಿನವಿಡೀ ಕುಳಿತಿರುವವರ ಶ್ವಾಸಕೋಶ ಭರಿಸುತ್ತದೆ.