ಬೆಳಗದ ದೀಪ ಕೊಡುವ ಸುಳಿವು

ಕ್ಷಯದ ರೋಗಾಣುವಿನಲ್ಲಿ ಆರ್‌ಪಿಒಬಿ ಎಂಬ ಜೀನ್ ಇದೆ. ಅದರ 81 ಅಕ್ಷರಗಳ ಒಂದು ತುಂಡಿನಲ್ಲಿ ಟಿಸಿಜಿ ಎಂದಿರಬೇಕಾದ ಕಡೆ ಟಿಟಿಜಿ ಎಂದಾದರೆ ಸಾಕು, ರಿಫಾಂಪಿಸಿನ್ ಎಂಬ ಔಷಧ ಆ ರೋಗಾಣುವಿಗೆ ನಾಟುವುದಿಲ್ಲ. ರೋಗಿ ಮಾತ್ರೆ ನುಂಗುತ್ತಲೇ ಇರುತ್ತಾನೆ, ಕೆಮ್ಮು ಮಾತ್ರ ಬಿಡುವುದಿಲ್ಲ. ಮೊದಲೆಲ್ಲ ಇದು ಗೊತ್ತಾಗಬೇಕಾದರೆ ಕಫದೊಳಗಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಔಷಧ ಹಾಕಿ ನೋಡಬೇಕಿತ್ತು. ಅದೋ ಮಹಾ ಸೋಮಾರಿ, ಬೆಳೆಯಲು ವಾರಗಟ್ಟಲೆ ಬೇಕು. ಈಗ ಸಿಬಿನ್ಯಾಟ್ ಯಂತ್ರಕ್ಕೆ ಎರಡು ಗಂಟೆ ಸಾಕು.

ಆ ಯಂತ್ರದ ಹೊಟ್ಟೆಯಲ್ಲಿರುವುದು 1996ರಲ್ಲಿ ನ್ಯೂಯಾರ್ಕಿನಲ್ಲಿ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರೇಮರ್ ಪ್ರಕಟಿಸಿದ ಉಪಾಯ, 'ಮಾಲಿಕ್ಯುಲರ್ ಬೀಕನ್'. ಡಿಎನ್‌ಎಯ ಚಿಕ್ಕದೊಂದು ಎಳೆ, ತಲೆಗೂದಲಿಗೆ ಸಿಕ್ಕಿಸುವ ಪಿನ್ನಿನಂತೆ ಮಡಚಿಕೊಂಡಿರುತ್ತದೆ. ಒಂದು ತುದಿಯಲ್ಲಿ ಹೊಳೆಯುವ ಬಣ್ಣದ ಅಣು, ಇನ್ನೊಂದರಲ್ಲಿ ಆ ಹೊಳಪನ್ನು ನುಂಗಿ ಶಾಖವಾಗಿ ಬಿಟ್ಟುಬಿಡುವ ಅಣು. ಮಡಚಿದ್ದಾಗ ಎರಡೂ ಒತ್ತಾಗಿರುವುದರಿಂದ ಬೆಳಕಿಲ್ಲ. ನಡುವಿನ ಬಾಗಿಗೆ ಹೊಂದುವ ಡಿಎನ್‌ಎ ಎದುರಾದರೆ ಎಳೆ ಬಿಚ್ಚಿ ಅದಕ್ಕೆ ಅಂಟಿಕೊಳ್ಳುತ್ತದೆ, ತುದಿಗಳು ದೂರವಾಗುತ್ತವೆ, ಬಣ್ಣ ಹೊಳೆಯುತ್ತದೆ.

ಜಾಣತನವಿರುವುದು ಮಡಿಕೆಯಲ್ಲಿ. ನೇರವಾದ ಎಳೆಯಾಗಿದ್ದರೆ ಒಂದಕ್ಷರ ತಪ್ಪಿದ್ದರೂ ಹೊಂದಿಕೊಂಡು ಅಂಟಿಬಿಡುತ್ತಿತ್ತು. ಮಡಚಿಕೊಂಡ ಎಳೆಗೆ ಹಾಗೇ ಇರುವುದೂ ಸುಖವೇ. ಪೂರ್ತಿ ಹೊಂದುವ ಜೋಡಿ ಸಿಕ್ಕರೆ ಮಾತ್ರ ಬಿಚ್ಚಿಕೊಳ್ಳುವುದು ಲಾಭ. ತಾಪಮಾನವನ್ನು ಸರಿಯಾಗಿ ಆರಿಸಿದರೆ ಒಂದಕ್ಷರದ ವ್ಯತ್ಯಾಸವಿದ್ದರೂ ಅದು ಮುಚ್ಚಿಕೊಂಡೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2010ರ ಡಿಸೆಂಬರಿನಲ್ಲಿ ಒಪ್ಪಿದ ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ (ನಮ್ಮ ಸಿಬಿನ್ಯಾಟ್ ಅದೇ) ಇಂಥ ಐದು ಬೀಕನ್‌ಗಳು, ಐದು ಬಣ್ಣಗಳಲ್ಲಿ, ಆ 81 ಅಕ್ಷರಗಳನ್ನು ಹಂಚಿಕೊಂಡು ಕಾಯುತ್ತವೆ. ಸ್ವಾರಸ್ಯವೆಂದರೆ ಅವನ್ನು ಹೊಸೆದಿರುವುದು ಔಷಧಕ್ಕೆ ಬಗ್ಗುವ ರೋಗಾಣುವಿನ ಅಕ್ಷರಗಳಿಗೆ. ಐದೂ ಹೊತ್ತಿದರೆ ಕ್ಷಯವಿದೆ, ರಿಫಾಂಪಿಸಿನ್ ನಾಟುತ್ತದೆ. ನಾಲ್ಕು ಹೊತ್ತಿ ಒಂದು ಕತ್ತಲಾಗಿದ್ದರೆ ಎಚ್ಚರ. ಕೆಡುವ ಬಗೆಗಳು ಹತ್ತಾರು, ಒಂದೊಂದಕ್ಕೂ ದೀಪ ಮಾಡಲಾದೀತೇ? ಸರಿಯಾದದ್ದು ಒಂದೇ ಇರುವುದರಿಂದ ಅದಕ್ಕೆ ದೀಪವಿಟ್ಟರು. ಇದಕ್ಕಿಂತ ಅಗ್ಗದ ಬುದ್ಧಿವಂತಿಕೆ ನನಗಂತೂ ಹೊಳೆಯುವುದಿಲ್ಲ.

ಆದರೆ ಕತ್ತಲಿಗೆ ಕಾರಣ ಹೇಳಲು ಬಾರದು. 433ನೆಯ ತಾಣದಲ್ಲಿ ಟಿಟಿಸಿ ಹೋಗಿ ಟಿಟಿಟಿ ಬಂದರೂ ಪ್ರೋಟೀನು ಬದಲಾಗದು, ಔಷಧ ನಾಟುತ್ತದೆ. ದೀಪ ಮಾತ್ರ ಆರುತ್ತದೆ. ಬೇಕಿಲ್ಲದ ಕಠಿಣ ಚಿಕಿತ್ಸೆಯ ದಾರಿ ಅಲ್ಲಿಂದ ತೆರೆದುಕೊಳ್ಳಬಹುದು. ಮುಂದಿನ ಆವೃತ್ತಿ 'ಅಲ್ಟ್ರಾ'ದಲ್ಲಿ ಬೀಕನ್‌ಗಳನ್ನು ಕೊಂಚ ಸಡಿಲವಾಗಿ ಹೊಸೆದು, ತಪ್ಪಿರುವ ಎಳೆಗೂ ಅಂಟಲು ಬಿಟ್ಟು, ಬಳಿಕ ಬಿಸಿ ಏರಿಸುತ್ತಾ ಯಾವ ಉಷ್ಣತೆಗೆ ಕಳಚಿಕೊಂಡವು ಎಂದು ನೋಡುತ್ತಾರೆ. ಬದಲಾವಣೆ ಯಾವುದೆಂದು ಆ ಉಷ್ಣತೆಯಿಂದ ಊಹಿಸಬಹುದು.

ಇನ್ನೊಂದು ಕೊರತೆಗೆ ಅದರಲ್ಲೂ ಮದ್ದಿಲ್ಲ. ಆಫ್ರಿಕಾದ ಪುಟ್ಟ ದೇಶ ಎಸ್ವಾಟಿನಿಯಲ್ಲಿ (ಆಗಿನ ಹೆಸರು ಸ್ವಾಜಿಲ್ಯಾಂಡ್) ಬಹುಔಷಧ ನಿರೋಧಕ ಕ್ಷಯದ ಸುಮಾರು ಶೇ 30ರಷ್ಟು ಮಾದರಿಗಳಲ್ಲಿ ಬದಲಾವಣೆ ಇದ್ದದ್ದು ಆ 81 ಅಕ್ಷರಗಳ ಗಡಿಯಾಚೆ, 491ನೆಯ ತಾಣದಲ್ಲಿ. ಅಲ್ಲಿ ಕಾವಲಿಲ್ಲ. ಐದೂ ಬಣ್ಣ ಹೊತ್ತಿದವು, ವರದಿಯಲ್ಲಿ ಔಷಧ ನಾಟುತ್ತದೆ ಎಂದೇ ಬಂತು. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಿದಾಗಲಷ್ಟೇ ನಿಜ ಸಿಕ್ಕಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಂಥ ಉಲ್ಲೇಖ ಪ್ರಯೋಗಾಲಯಗಳು ಆ ಸೋಮಾರಿಯನ್ನು ಸಾಕುವ ಹಳೆಯ ಕಸುಬನ್ನು ಬಿಡದಿರುವುದು ಸುಮ್ಮನಲ್ಲ.